ಗಂಟಿಲ್ಲದ ಔಷಧಿ

...ನಿಲ್ಲಿ ಭಾವ, ಸಹಿ ಆಮೇಲೆ, ಮೊದಲು ಪರದೆ ನೋಡಿ. ಗೆರೆಯಲ್ಲಿ ಒಂದೇ ಗುಡ್ಡ. ನೆಟ್ಟಗೆ, ಸೂಜಿ ನಿಲ್ಲಿಸಿದ ಹಾಗೆ. ಕಣದ ಗಾತ್ರ ಇನ್ನೂರು ನ್ಯಾನೋಮೀಟರ್ ಅಂದ್ರೆ ಇನ್ನೂರು. ಒಂದು ಗಂಟಿಲ್ಲ, ಒಂದು ಮುದ್ದೆಯಿಲ್ಲ. ಮಕ್ಕಳ ಜ್ವರದ ಔಷಧಿ ಈ ಕಾರ್ಖಾನೇಲಿ ಇಷ್ಟು ನುಣ್ಣಗೆ ಯಾವತ್ತಾದ್ರೂ ಬಂದಿತ್ತಾ?

ಯಾಕೆ ನಗ್ತೀರಿ? ಭಾಮೈದ ಅಂದ ಮಾತ್ರಕ್ಕೆ ಔಷಧಿ ಕಲಸೋಕೆ ಬರಬಾರದಾ? ಎರಡು ಸಲ ಗಂಟು ಕಟ್ತು, ಒಪ್ಕೊಂಡೆ. ಮೂರನೇ ಸಲವೂ ಕೆಟ್ರೆ ಲೇಬಲ್ ಅಂಟಿಸೋಕೆ ಕಳಿಸ್ತೀನಿ ಅಂದ್ರಿ. ಅದೂ ಅಕ್ಕನ ಎದುರಿಗೆ, ನನ್ನ ತಟ್ಟೇಲಿ ಅನ್ನ ಇದ್ದಾಗ. ಈಗ ಹೇಳಿ.

ನೀವೇ ಕಲಿಸಿದ್ದು ತಾನೇ... ನೀರಿಗೆ ಒಂದು ಹನಿ ಬಿಟ್ಟು ಲೇಸರ್ ಹಾಯಿಸಿದ್ರೆ, ಕಣಕ್ಕೆ ತಾಗಿದ ಬೆಳಕು ಚೆದುರಿ ಮಿನುಗುತ್ತೆ. ಸಣ್ಣ ಕಣ ನಿಮ್ಮ ಪುಟ್ಟಿ ಥರ, ಒಂದು ಕಡೆ ನಿಲ್ಲಲ್ಲ, ಮಿನುಗು ಚುರುಕು. ದಪ್ಪ ಕಣ ಊಟ ಆದ್ಮೇಲೆ ನಿಮ್ಮ ಥರ... ಸರಿ ಸರಿ, ನನ್ನ ಥರ. ಯಂತ್ರ ಆ ಮಿನುಗು ನೋಡಿಯೇ ಗಾತ್ರ ಹೇಳುತ್ತೆ. ಅದಕ್ಕೆ ಭಾವ-ಭಾಮೈದ ಅನ್ನೋ ದಾಕ್ಷಿಣ್ಯ ಇಲ್ಲ.

ಫ್ರಿಜ್ಜಲ್ಲಿ ಏನು ಹುಡುಕ್ತಿದೀರಿ? ಓ, ಅದಾ... ಯಂತ್ರ ಸರಿ ಇದೆಯಾ ಅಂತ ನೋಡೋಕೆ ತರಿಸಿದ, ಗಾತ್ರ ಗೊತ್ತಿರೋ ಸಣ್ಣ ಮಣಿಗಳ ಬಾಟ್ಲಿ. ಕಮ್ಮಿ ಆಗಿದೆಯಾ? ಬೆಳಿಗ್ಗೆ ಯಂತ್ರ ಪರೀಕ್ಷೆ ಮಾಡಿದ್ನಲ್ಲ. ಅದರ ಮೇಲೂ ಇನ್ನೂರು ಅಂತ ಬರೆದಿದ್ರೆ ನಾನೇನು ಮಾಡಲಿ? ಅದರದ್ದೂ ಇನ್ನೂರು, ನಮ್ಮದೂ ಇನ್ನೂರು. ಲೋಕದಲ್ಲಿ ಒಂದೇ ಥರ ಏಳು ಜನ ಇರ್ತಾರಂತೆ.

ಹಾಂ, ಪೆನ್ನು ತೆಗೆದ್ರಿ. ಇಲ್ಲಿ, ಈ ಗೆರೆ ಮೇಲೆ. ಮಧ್ಯಾಹ್ನವೇ ಲಾರಿ ಹೊರಡುತ್ತೆ.

...ಆ ಔಷಧಿ ಬಾಟ್ಲಿ ಯಾಕೆ ಚೀಲಕ್ಕೆ ಹಾಕ್ಕೊಳ್ತೀರಿ? ಹೌದು, ನಿನ್ನೆ ನಾನು ಕಲಸಿದ್ದೇ, ಹೊಸ ಬಾಟ್ಲಿ. ಅಕ್ಕ ನಿಮಗೂ ಫೋನ್ ಮಾಡಿದ್ಲಾ? ಪುಟ್ಟಿಗೆ ಜ್ವರ ಬಿಟ್ಟಿಲ್ಲ ಅಂದ್ಲು.

ಭಾವ, ಆ ಕಪಾಟಿನಲ್ಲಿ ನನಗಿಂತ ಮುಂಚೆ ಇದ್ದವರು ಕಲಸಿದ್ದಿದೆ. ಅದನ್ನ ತಗೊಳ್ಳಿ. ಅಲ್ಲ, ಇದೂ ಒಳ್ಳೇದೇ... ಯಂತ್ರವೇ ಹೇಳಿದೆಯಲ್ಲ... ಆದ್ರೂ ಮಗು, ಪಾಪ... ಯಾಕೆ ಹಾಗೆ ನೋಡ್ತೀರಿ? ಬೈಯೋದಾದ್ರೆ ಬೈದುಬಿಡಿ.

ಭಾವ.

ಚೀಲ ಕೆಳಗಿಡಿ. ಅದನ್ನ ಪುಟ್ಟಿಗೆ ಕುಡಿಸಬೇಡಿ. ಯಂತ್ರಕ್ಕೆ ಬಿಟ್ಟಿದ್ದು ಮಣಿ ಬಾಟ್ಲಿಯ ಹನಿ.

...ಲೇಬಲ್ ಅಂಟಿಸೋ ಮೇಜು ಯಾವ ಕಡೆ ಬರುತ್ತೆ?