ಒಂಬತ್ತರ ಸಿಲಿಂಡರ್

"ಹಲೋ… ಯಾರು? ಸ್ವಲ್ಪ ಜೋರಾಗಿ ಹೇಳಿ, ಯಾರು ಮಾತಾಡ್ತಿರೋದು?"

ಬಲಗೈಯಲ್ಲಿ ಸ್ಪ್ಯಾನರ್, ಎಡಗೈಯಲ್ಲಿ ಆಗಷ್ಟೇ ಸಿಲಿಂಡರಿಗೆ ಸಿಕ್ಕಿಸಿದ ಕೊಳವೆ. ಫೋನು ಭುಜಕ್ಕೂ ಕಿವಿಗೂ ನಡುವೆ. ವಿದ್ಯುತ್ ಸ್ಥಾವರದ ಚಿಮ್ನಿಯ ಬುಡದಲ್ಲಿದ್ದ ಆ ತಗಡಿನ ಕೋಣೆಯಲ್ಲಿ, ಹೊಗೆಯೊಳಗೆ ಇಂಗಾಲದ ಅನಿಲ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ.

…

"ಹಾಂ, ಭಾವ, ನೀವಾ? ಇದ್ಯಾವ ನಂಬರು? ನಿಮ್ಮ ಫೋನಿಗೇನಾಯ್ತು?"

ಅಕ್ಕನ ಗಂಡ ಪರಿಸರ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಹನ್ನೊಂದು ವರ್ಷದಲ್ಲಿ ಈ ನಾದಿನಿಗೆ ತಾನಾಗಿ ಫೋನ್ ಮಾಡಿದ್ದು ಎರಡೇ ಸಲ. ಎರಡು ಸಲವೂ ಯಾರೋ ತೀರಿಕೊಂಡಿದ್ದರು.

…

"ಎಲ್ಲರೂ ಚೆನ್ನಾಗಿದ್ದಾರೆ ಅಲ್ವಾ?… ಹಾಂ. ಹಾಂ. ಮತ್ತೆ?"

ಮತ್ತೆ ಏನೆಂದರೆ ಒಪ್ಪಂದ. ಹೊಗೆ ನೀನು ಮೊದಲು ಕಡಿಮೆ ಮಾಡು, ಇಲ್ಲ ನೀನು ಮೊದಲು ಎಂದು ಇಪ್ಪತ್ತು ವರ್ಷ ಕಿತ್ತಾಡಿದ ಎರಡು ದೊಡ್ಡ ದೇಶಗಳು, ಇವರದೊಂದು, ಇನ್ನೊಂದು ಹೊರಗಿನದು, ಕೊನೆಗೂ ಕೈಕುಲುಕಿದ್ದವು. ಇವರ ಚಿಮ್ನಿಯನ್ನು ಅವರು ನೋಡುವುದು, ಅವರದನ್ನು ಇವರು. ಹೊಗೆಯಲ್ಲಿ ಆ ಅನಿಲ ನೂರಕ್ಕೆ ಹತ್ತು ದಾಟಬಾರದು. ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ ಮೊದಲ ಅಳತೆ. ಆ ದೇಶದ ತನಿಖೆಯವನು ಆಗಲೇ ಬಂದು ಕ್ಯಾಂಟೀನಿನಲ್ಲಿ ಕೂತಿದ್ದ. ಹಾಳೆಯ ಮೇಲೆ ಎರಡು ಸಹಿ ಬೀಳಬೇಕು, ಅವನದೊಂದು, ಅವಳದೊಂದು. ಇದನ್ನೆಲ್ಲ ಭಾವ ಅವಳಿಗೇ ಬಿಡಿಸಿ ಹೇಳುತ್ತಿದ್ದ.

"ಗೊತ್ತು ಭಾವ. ಅಳೆಯೋಳು ನಾನೇ ಅಲ್ವಾ?"

…

"ಏನು? ಒಂಬತ್ತಾ?… ಇನ್ನೊಂದ್ಸಲ ಹೇಳಿ. ಒಂಬತ್ತು ಬರುತ್ತೆ ಅಂದ್ರಾ?"

ಗೋಡೆ ಗಡಿಯಾರದಲ್ಲಿ ಇನ್ನೂ ಹನ್ನೊಂದು ಇಪ್ಪತ್ತು. ಅವಳು ಕೆಲಸಕ್ಕೆ ಸೇರಿದಾಗಿನಿಂದ ಈ ಚಿಮ್ನಿ ನೂರಕ್ಕೆ ಹದಿನಾಲ್ಕರ ಕೆಳಗೆ ಇಳಿದದ್ದೇ ಇಲ್ಲ. ಒಂಬತ್ತನ್ನು ಅವಳು ನೋಡಿದ್ದು ಒಂದೇ ಕಡೆ, ನಿನ್ನೆ ಸಂಜೆ ಬಂದಿಳಿದ ಹೊಸ ಸಿಲಿಂಡರಿನ ಚೀಟಿಯ ಮೇಲೆ. ಅಳೆಯುವ ಮೊದಲು, ಪ್ರಮಾಣ ಗೊತ್ತಿರುವ ಅನಿಲವನ್ನು ಯಂತ್ರಕ್ಕೆ ಕುಡಿಸಿ ಅದು ನಿಜ ಹೇಳುತ್ತಿದೆಯೇ ಎಂದು ನೋಡುವುದು ದಿನದ ಪದ್ಧತಿ. ಆಮೇಲೆ ಕೊಳವೆ ಕಿತ್ತು ಚಿಮ್ನಿಗೆ ಹಾಕಬೇಕು. ಮರೆತರೆ ಯಂತ್ರ ಸಿಲಿಂಡರನ್ನೇ ಅಳೆಯುತ್ತ ಕೂರುತ್ತದೆ.

"ಈ ಸಿಲಿಂಡರ್ ನಾನು ಕೇಳಿರ್ಲಿಲ್ಲ. ಕಳಿಸಿದ್ದು ನೀವಾ?"

…

"ಮರೆತುಬಿಡೋದಾ? ಮತ್ತೆ ಆ ತನಿಖೆಯವನು ಕಣ್ಣು ಮುಚ್ಕೊಂಡಿರ್ತಾನಾ?"

ಮುಚ್ಚಿಕೊಂಡಿರುತ್ತಾನಂತೆ. ಅವನಿಗೂ ಹೇಳಿಯಾಗಿದೆಯಂತೆ. ಮುಂದಿನ ವಾರ ಅವರ ಚಿಮ್ನಿಯ ಬುಡದಲ್ಲೂ ಒಂದು ಸಿಲಿಂಡರ್ ಇರುತ್ತದಂತೆ.

"ಅವರದ್ದೂ ಒಂಬತ್ತೇನಾ?"

ಒಂಬತ್ತೇ. ಅವಳಿಗೆ ನಗು ಬಂತು. ಮೇಜಿನ ಯಾವ ಬದಿಗೆ ಯಾರು ಕೂರಬೇಕೆಂದೂ ಒಪ್ಪದವರು ಇದಕ್ಕೆ ಎಷ್ಟು ಅಚ್ಚುಕಟ್ಟಾಗಿ ಕೈಜೋಡಿಸಿದ್ದರು.

…

"ಅಕ್ಕನ್ನ ಯಾಕೆ ಮಧ್ಯೆ ಎಳೀತೀರಿ?… ಪಕ್ಕದಲ್ಲೇ ಇದ್ದಾಳಾ? ಹಾಗಾದ್ರೆ ಫೋನ್ ಕೊಡಿ ಅವಳಿಗೆ… ಕೊಡಿ… ಇಲ್ಲ ಅಲ್ವಾ?"

ಭಾವನ ದನಿ ಬೆಣ್ಣೆಯಾಯಿತು. ಮುಂದಿನ ವಾರ ಆ ದೇಶದ ಚಿಮ್ನಿ ಅಳೆಯಲು ಹೋಗುವ ತಂಡದಲ್ಲಿ ಅವಳ ಹೆಸರು ಸೇರಿಸುತ್ತಾನಂತೆ. ವಿಮಾನ, ಹೋಟೆಲು, ಬಂದ ಮೇಲೆ ಇಲಾಖೆಯ ನಾಲ್ಕನೇ ಮಹಡಿಯಲ್ಲಿ ಕಿಟಕಿಯಿರುವ ಕೋಣೆ. ಇಲ್ಲವಾದರೆ ಈ ತಗಡಿನ ಕೋಣೆಯೂ ಉಳಿಯುವುದು ಕಷ್ಟ ಎಂದು ಮೆಲ್ಲಗೆ ಸೇರಿಸಿದ.

ಅಷ್ಟು ಹೊತ್ತಿಗೆ ಅವಳ ಸ್ಪ್ಯಾನರ್ ಎರಡು ಸುತ್ತು ತಿರುಗಿತ್ತು. ಕೊಳವೆ ಸಿಲಿಂಡರಿನಿಂದ ಬಿಚ್ಚಿಕೊಂಡು ಚಿಮ್ನಿಯ ಬಾಯಿಗೆ ಹೋಗಿ ಕೂತಿತ್ತು. ಯಂತ್ರದ ಮುಳ್ಳು ಒಂಬತ್ತರಿಂದ ಅಲುಗಿತು. ಹನ್ನೊಂದು. ಹದಿಮೂರು.

…

"ಭಾವ, ಕೇಳಿಸ್ಕೊಳ್ಳಿ. ಕೊಳವೆ ಚಿಮ್ನಿಗೆ ಹಾಕಿದೀನಿ. ನಾನು ಯಾವ ತಂಡದಲ್ಲೂ ಬರಲ್ಲ. ಒಂಬತ್ತಕ್ಕೆ ಸಹಿ ಹಾಕಲ್ಲ… ಹಲೋ?… ಭಾವ?…"