ಧಾರೆ ಸೀರೆ ನೇಯ್ದವನ ಸೊಂಟ

ಹ್ಞೂಂ ಅನ್ನೋರು ಯಾರಿದೀರಿ? ನೀವು ಹ್ಞೂಂ ಅಂದ್ರೆ ನಾನು ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಹೆಸರು ಮರೆತುಹೋದ ದೇಶದಲ್ಲಿ, ರಾಮಲಿಂಗ ಅಂತ ಒಬ್ಬ ನೇಕಾರ ಇದ್ದ. ಹೆಂಡತಿ ಚೌಡವ್ವ. ಒಬ್ಬಳೇ ಮಗಳು ಬನವ್ವ. ಅವರ ಕುಲದಲ್ಲೊಂದು ಕಟ್ಟಳೆ: ಮಗಳ ಧಾರೆ ಸೀರೆಯನ್ನ ಅಪ್ಪನೇ ನೇಯಬೇಕು, ಬೇರೆ ಕೈ ಆ ಮಗ್ಗ ಮುಟ್ಟಬಾರದು. ಸೀರೆ ಇಲ್ಲದಿದ್ರೆ ಧಾರೆಯೂ ಇಲ್ಲ.

ಮದುವೆಗೆ ಒಂಬತ್ತೇ ದಿನ. ರಾಮಲಿಂಗ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತ. "ಮುಗಿಯೋ ತನಕ ಏಳಲ್ಲ ಕಣೇ!" ಅಂದ. ಚೌಡವ್ವನಿಗೆ ಗಂಡನ ಮೇಲೆ ಪ್ರಾಣ. ಊಟ ಕೈಗೆ ತಂದಿಟ್ಟಳು, ನೀರು ಕೈಗೆ ತಂದಿಟ್ಟಳು, ಎಲೆ ಅಡಿಕೆ ಕೈಗೆ ತಂದಿಟ್ಟಳು. ಒಂದು ದಿನ ನೇಯ್ದ, ಎರಡು ದಿನ ನೇಯ್ದ. ಮೂರನೇ ದಿನ ಲಾಳಿ ಎಸೆಯೋಕೆ ಹೋದ, "ಅಯ್ಯಮ್ಮಾ!" ಸೊಂಟ ಹಿಡಕೊಂಡುಬಿಡ್ತು. ಸೀರೆ ಅರ್ಧಕ್ಕೆ ನಿಂತಿತು. ಬನವ್ವ ಮೂಲೇಲಿ ಕೂತು ಅತ್ತಳು.

ಚೌಡವ್ವ ಮದ್ದು ಕೇಳೋಕೆ ಓಡಿದಳು. ಕುಂಬಾರನ ಮನೆಗೆ ಹೋದ್ರೆ ಅವನೂ ಸೊಂಟದ ಮೇಲೆ ಕೈ ಇಟ್ಕೊಂಡಿದ್ದ. "ದಿನವೆಲ್ಲ ಬಗ್ಗೇ ಇರ್ತೀನಿ ತಾಯಿ. ಮದ್ದು ಗೊತ್ತಿದ್ರೆ ನಾನೇ ಹಚ್ಕೊಳ್ತಿರಲಿಲ್ವಾ?" ಹಮಾಲನ ಮನೆಗೆ ಹೋದ್ರೆ ಅವನು ಮಲಗೇ ಇದ್ದ. "ನಡು ತಿರುಚಿ ಮೂಟೆ ಎತ್ತಿದೆ ಕಣಕ್ಕ, ಅವತ್ತಿಂದ ಹಿಂಗೇ." ಪಟೇಲರ ಮನೆಗೆ ಹೋದ್ರೆ ಅವರು ದಿಂಬಿಗೊರಗಿ ನರಳ್ತಿದ್ರು. "ಬಗ್ಗಿದೋನಲ್ಲ, ಹೊತ್ತೋನಲ್ಲ, ಈ ದಿಂಬು ಬಿಟ್ಟು ಎದ್ದೋನೂ ಅಲ್ಲ. ನನಗ್ಯಾಕಮ್ಮಾ ಈ ನೋವು?"

ಕೇಳಿದ್ರಾ? ಬಗ್ಗಿದವನಿಗೂ ನೋವು, ಹೊತ್ತವನಿಗೂ ನೋವು, ಕೂತವನಿಗೂ ನೋವು. ಹಾಗಾದ್ರೆ ನೋವಿಲ್ಲದವರು ಯಾರಪ್ಪಾ?

ದಾರೀಲಿ ಕುರಿ ಕಾಯೋ ಮಾಳವ್ವ ಸಿಕ್ಕಳು. ಎಂಬತ್ತು ವರ್ಷ, ಆದ್ರೂ ಕೋಲಿನ ಹಾಗೆ ನೆಟ್ಟಗಿದ್ದಳು.

"ನಿನ್ನ ಸೊಂಟ ಹೆಂಗಜ್ಜಿ ಹಿಂಗಿದೆ?"

"ಕೂತ್ಕೊಳ್ತೀನಿ, ಏಳ್ತೀನಿ, ನಡೀತೀನಿ. ಕುರಿಗಳು ಒಂದು ಕಡೆ ಇರೋಕೆ ಬಿಡಬೇಕಲ್ಲ! ಪುಣ್ಯ ಬರಲಿ ಅವಕ್ಕೆ."

ಚೌಡವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ, ಎಲ್ಲಾ ಕೈಗೆ ಕೊಟ್ಟು ನಾನೇ ಕೂರಿಸಿಬಿಟ್ಟೆನಲ್ಲ!"

ಮನೆಗೆ ಬಂದವಳೇ ಗಂಡನ ಸೊಂಟಕ್ಕೆ ಬಿಸಿ ಉಪ್ಪಿನ ಶಾಖ ಕೊಟ್ಟಳು. ಆಮೇಲೆ ನೀರಿನ ಗಡಿಗೆ ಹಿತ್ತಲಿಗೆ ಹೋಯ್ತು. ಊಟ ಜಗಲಿಗೆ ಹೋಯ್ತು. ಎಲೆ ಅಡಿಕೆ ಚೀಲ ಪಕ್ಕದ ಮನೆಗೇ ಹೋಯ್ತು!

"ಗಂಡ ನೋವಲ್ಲಿದ್ರೆ ಆಟ ಆಡ್ತೀಯೇನೇ?"

"ಬಾಯಾರಿದ್ರೆ ಎದ್ದು ಹೋಗಿ," ಅಂದಳು. ಅಂದದ್ದೇನೋ ಅಂದಳು, ಆದ್ರೆ ಒಲೆ ಮುಂದೆ ಹೋಗಿ ಕಣ್ಣೊರೆಸಿಕೊಂಡಳು.

ಮೊದಲನೇ ಸಲ ಗೋಡೆ ಹಿಡಿದು ನರಳ್ತಾ ಹೋದ. ಎರಡನೇ ಸಲ ಗೋಡೆ ಹಿಡಿದು ಬೈತಾ ಹೋದ. ಮೂರನೇ ಸಲ ಗೋಡೆ ಹಿಡಿಯೋದೇ ಮರೆತ. ಹಿಂಗೆ ಕೂತು, ಎದ್ದು, ನಡೆದು ನೇಯ್ದ. ಎಂಟನೇ ದಿನ ಸಂಜೆ ಸೀರೆ ಮಗ್ಗದಿಂದ ಇಳೀತು.

ಮದುವೆ ದಿನ ಬನವ್ವ ಆ ಸೀರೆ ಉಟ್ಟು ಅಪ್ಪನ ಕಾಲಿಗೆ ಬಿದ್ದಳು. ರಾಮಲಿಂಗ ಬಗ್ಗಿ, ಎರಡೂ ಕೈಯಲ್ಲಿ ಮಗಳನ್ನ ಎತ್ತಿದ. ಅಯ್ಯೋ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ. ಕಣ್ಣು ಮಾತ್ರ ತುಂಬಿಬಂತು. "ನಿಮ್ಮವ್ವನ ಕಾಲಿಗೆ ಬೀಳು ಮಗಾ. ನನ್ನ ಎಬ್ಬಿಸಿ ನಿಲ್ಲಿಸಿದೋಳು ಅವಳು," ಅಂದ. ಅಂದವನು ಅಲ್ಲಿಗೇ ಬಿಡಲಿಲ್ಲ. ಬೀಗರೆಲ್ಲರ ಎದುರಿಗೆ, ಹೆಂಡತಿಗೆ ತಾನೂ ಕೈ ಮುಗಿದ.

ಅವರು ಅಲ್ಲಿ ತಣ್ಣಗಿದ್ದಾರೆ. ನಾವು ಇಲ್ಲಿ ಕೂತು ಬಹಳ ಹೊತ್ತಾಯ್ತು. ಕಥೆ ಮುಗೀತು, ಏಳ್ರಪ್ಪಾ, ಎಲ್ಲಾರೂ ಎದ್ದು ಒಂದು ಸುತ್ತು ನಡೆದು ಬನ್ನಿ!