ಅನುಮಾನರಾಯರ ಕುರ್ಚಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕೂತು ಗಡಿಯಾರವನ್ನೇ ನೋಡುತ್ತಿರುವ ನನ್ನ ಯಜಮಾನರೇ, ಸಭಿಕರೇ,

ನಿವೃತ್ತಿಯ ದಿನ ಇಷ್ಟು ದೊಡ್ಡ ಹಾರ ಹಾಕಿದ್ದೀರಿ. ಕೃತಜ್ಞಳು. ನಾನು ಒಳಗೆ ಬರುವಾಗ ನೀವ್ಯಾರೂ ನನ್ನ ಮುಖ ನೋಡಲಿಲ್ಲ, ಕೊಡೆ ತಂದಿದ್ದೇನೆಯೇ ಎಂದು ಕೈ ನೋಡಿದಿರಿ. ತಂದಿದ್ದೇನೆ.

ಅಧ್ಯಕ್ಷರು ನನ್ನನ್ನು ‘ಕೂತಲ್ಲೇ ಕಡಲು ಕಂಡವರು’ ಎಂದರು. ಕಂಡದ್ದೆಲ್ಲಿ ಬಂತು? ಇಷ್ಟು ವರ್ಷ ಹವಾಮಾನ ಹೇಳಿದ ಆ ದ್ವೀಪಕ್ಕೆ ನಾನು ಕಾಲೇ ಇಟ್ಟಿಲ್ಲ. ಉಪಗ್ರಹ ಮೋಡದ ಚಿತ್ರ ಕಳಿಸುತ್ತದೆ, ರೇಡಾರ್ ಮಳೆ ತೋರಿಸುತ್ತದೆ, ನಡುಗಡಲಲ್ಲಿ ಲಂಗರು ಹಾಕಿ ಬಿಟ್ಟ ತೇಲುಯಂತ್ರ ಗಾಳಿ, ಅಲೆ ಅಳೆಯುತ್ತದೆ. ಕಂಪ್ಯೂಟರ್ ಇವನ್ನೆಲ್ಲ ಕೂಡಿಸಿ ಎರಡು ಲೆಕ್ಕ ಕೊಡುತ್ತದೆ. ಒಂದು ಹೂಂ ಅಂದರೆ ಇನ್ನೊಂದು ಊಹೂಂ. ನಮ್ಮ ಅತ್ತೆ ಮಾತ್ರ, “ಅದೆಲ್ಲ ಇರಲಿ ಕಣೇ, ಒಗೆದ ಬಟ್ಟೆ ಒಣಗತ್ತೋ ಇಲ್ವೋ ಹೇಳು” ಅನ್ನುತ್ತಿದ್ದರು. ಅದೊಂದನ್ನು ನಾನು ಕೊನೆಯವರೆಗೂ ಸರಿಯಾಗಿ ಹೇಳಲಿಲ್ಲ.

ಕ್ಷಮಿಸಿ, ಕಿಟಕಿ ಬಡಿಯಿತು. ಏನು ಹೇಳುತ್ತಿದ್ದೆ?

ಹಾಂ, ನಮ್ಮ ಕಚೇರಿಯ ಕಟ್ಟುಪಾಡು. ಸ್ವಂತ ಮನೆಮಂದಿ ಯಾರಾದರೂ ಕಡಲಿಗಿಳಿದ ದಿನ ಮುನ್ಸೂಚನೆಯನ್ನು ನಾವು ಬರೆಯುವಂತಿಲ್ಲ. ಹೆದರಿದವರ ಕಣ್ಣಿಗೆ ಪ್ರತಿ ಮೋಡವೂ ಬಿರುಗಾಳಿಯೇ. ಇನ್ನು, ಬರೆದವರು ಕೊನೆಯ ದೋಣಿ ದಡ ಸೇರುವ ತನಕ ಕುರ್ಚಿ ಬಿಟ್ಟು ಏಳುವಂತಿಲ್ಲ.

ನನ್ನ ಮಗಳು ದೋಣಿ ನಡೆಸುತ್ತಾಳೆ. ಇವತ್ತು ಬೆಳಿಗ್ಗೆ ದ್ವೀಪದಿಂದ ಕರೆ ಬಂತು, ಹೆರಿಗೆ ನೋವು ಶುರುವಾದವಳನ್ನು ಆಸ್ಪತ್ರೆಗೆ ತರಬೇಕೆಂದು. ತೇಲುಯಂತ್ರ ಅದೇ ಹೊತ್ತಿಗೆ ಬಾಯಿ ಮುಚ್ಚಿತ್ತು. ಒಂದು ಲೆಕ್ಕ ಗಾಳಿ ಸಂಜೆಗೆ ಎಂದಿತು, ಇನ್ನೊಂದು ಮಧ್ಯಾಹ್ನಕ್ಕೇ ಎಂದಿತು. ನಾನು ಎದ್ದೆ, ನನ್ನ ಸಹೋದ್ಯೋಗಿ ಕೂತರು. ಕಾಫಿಗೆ ಸಕ್ಕರೆ ಹಾಕುವುದನ್ನು ಕಣ್ಣಾರೆ ಕಂಡರೂ “ಹಾಕಿದಿರಾ?” ಎಂದು ಕೇಳುವ ಮನುಷ್ಯ. ಅನುಮಾನರಾಯರು ಎಂದು ಹೆಸರಿಟ್ಟವಳು ನಾನೇ. ಅವರು ಉಪಗ್ರಹದ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ ನೋಡಿ, ‘ಹೋಗಿ ಬರಬಹುದು’ ಎಂದು ಬರೆದರು.

ಮಗಳು ಫೋನಿನಲ್ಲಿ, “ಅಮ್ಮಾ, ನೀನು ಬರೆದಿದ್ದಾ?” ಅಂದಳು. “ಅಲ್ಲಮ್ಮ, ರಾಯರು.” “ಹಾಗಾದ್ರೆ ಸರಿ” ಅಂತ ನಕ್ಕಳು.

ನಾನಾಗಿದ್ದರೆ? ಬೇಡ ಎಂದೇ ಬರೆಯುತ್ತಿದ್ದೆ. ಆ ಗರ್ಭಿಣಿಯ ಗತಿ ಏನು? ಅವಳ ಯೋಚನೆಯೇ ನನಗೆ ಬರುತ್ತಿರಲಿಲ್ಲ, ಸಭಿಕರೇ.

ನನ್ನ ಯಜಮಾನರ ಪಕ್ಕದ ಖಾಲಿ ಕುರ್ಚಿ ರಾಯರದು. ಅವರು ಕಚೇರಿಯ ಕುರ್ಚಿಯಿಂದ ಇನ್ನೂ ಎದ್ದಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಗೊತ್ತು ಸ್ವಾಮಿ, ಮಾತು ಉದ್ದವಾಯಿತು. ಆದರೆ ಕೆಳಗಿಳಿದು ಆ ಕುರ್ಚಿಯ ಹತ್ತಿರ ಕೂರಲು ನನಗೆ ಭಯ. ಆದ್ದರಿಂದ ರೇಡಾರಿನ ಬಗ್ಗೆ ಇನ್ನೊಂದಿಷ್ಟು ಹೇಳುತ್ತೇನೆ. ರೇಡಾರ್ ಎಂದರೆ... ರೇಡಾರ್...

ಬಾಗಿಲ ಬಳಿ ಇರುವವರು ದಯವಿಟ್ಟು ದಾರಿ ಬಿಡಿ. ಪಾಪ, ಪೂರ್ತಿ ನೆನೆದಿದ್ದಾರೆ. ಬನ್ನಿ ರಾಯರೇ. ಎದ್ದು ಬಂದಿರಲ್ಲ, ಅಷ್ಟು ಸಾಕು, ಏನೂ ಹೇಳಬೇಡಿ, ಕೂತುಕೊಳ್ಳಿ. ಮೂರು ಬೆರಳು ಯಾಕೆ ತೋರಿಸುತ್ತಿದ್ದೀರಿ? ದೋಣಿಯಲ್ಲಿ ಬರಬೇಕಾದವರು ಇಬ್ಬರೇ ಅಲ್ಲವೇ?

ಓ. ಹೆರಿಗೆ ದೋಣಿಯಲ್ಲೇ ಆಯಿತೇ?

ಸಭಿಕರೇ, ಆ ಮೂರನೆಯವರ ಸುಳಿವನ್ನು ಎರಡು ಲೆಕ್ಕಗಳೂ ಕೊಟ್ಟಿರಲಿಲ್ಲ. ಇಲ್ಲಿಗೆ ಮುಗಿಸುತ್ತೇನೆ. ಹಾರ ಹಾಕಿದವರಿಗೆ, ಸಹಿಸಿಕೊಂಡವರಿಗೆ, ಕುರ್ಚಿ ಬಿಟ್ಟು ಬಂದವರಿಗೆ ವಂದನೆಗಳು. ಹೊರಗೆ ಮಳೆ ಜೋರಾಗಿದೆ, ನನ್ನ ಕೊಡೆ ಯಾರು ಬೇಕಾದರೂ ಒಯ್ಯಿರಿ. ನಾನು ಬಂದರಿಗೆ ನೆನೆದುಕೊಂಡೇ ಹೋಗುತ್ತೇನೆ. ನಮಸ್ಕಾರ.